ಹಿಂದಿನ ಕಾಲಿಲ್ಲದ ಕುರ್ಚಿ

ಮೊದಲ ದಿನ ಕರಿಹಲಗೆಯ ಮೇಲೆ ಕುರ್ಚಿಯ ಚಿತ್ರ ಬರೆದು ಮುಗಿಸಿ, ಕೈಗೆ ಹತ್ತಿದ ಸುಣ್ಣ ಝಾಡಿಸಿಕೊಂಡು ತಿರುಗಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಎಪ್ಪತ್ತರ ಆಸುಪಾಸು, ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲ್ಲು.

"ಮಾಸ್ತರ, ಚಿತ್ರ ಪೂರಾ ಆತೇನ್ರಿ?"

ಆಯಿತು ಎಂದೆ.

"ಹಿಂದಿನ ಎರಡು ಕಾಲ ಬರಿಯೂದು ಉಳದಾವ್ರಿ."

ಉಳಿದಿಲ್ಲ, ಈ ಕುರ್ಚಿಗೆ ಹಿಂದೆ ಕಾಲೇ ಇರುವುದಿಲ್ಲ ಎಂದು ವಿವರಿಸಿದೆ. ಅಡ್ಡ ಮಲಗಿಸಿದ ಲಾಳದ ಹಾಗೆ ಎರಡು ಬಿಲ್ಲುಗಳು, ಎಡಕ್ಕೊಂದು ಬಲಕ್ಕೊಂದು. ಬಿಲ್ಲಿನ ಕೆಳತುದಿ ನೆಲದ ಮೇಲೆ ಚಾಚಿಕೊಂಡಿರುತ್ತದೆ, ಮುಂದೆ ಕೂತವರ ಮೊಣಕಾಲಿನ ಹತ್ತಿರ ದುಂಡಗೆ ತಿರುಗಿ ಮೇಲೆ ಬರುತ್ತದೆ, ಅಲ್ಲಿಂದ ಹಿಂದಕ್ಕೆ ಹೋಗಿ ಕೈ ಇಡುವ ಪಟ್ಟಿಯಾಗುತ್ತದೆ. ಸೀಟು ಈ ಎರಡು ಬಿಲ್ಲುಗಳ ನಡುವೆ ತೂಗುತ್ತದೆ. ಕೂತರೆ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ. ಹಿರಿಯರು ಪೂರ್ತಿ ಕೇಳಿಸಿಕೊಂಡು, ತಮ್ಮ ವಹಿಯಲ್ಲಿ 'ಹಿಂದಿನ ಕಾಲು ಇಲ್ಲ' ಎಂದು ಬರೆದು ಅದರ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅದು ನನಗೆ ಕಾಣುವಂತೆಯೇ ಹಾಕಿದರು.

ನಾವಿದ್ದದ್ದು ಗಡಿಯಾಚೆ, ಮರಾಠಿ ಸೀಮೆಯ ಸೋನ್ಯಾಳದ ಹೊರಗಿನ ಬೇದಾಣೆ ಶೆಡ್ಡಿನಲ್ಲಿ. ದ್ರಾಕ್ಷಿ ಒಣಗಿಸುವ ಹಂಗಾಮು ಮುಗಿದು ಶೆಡ್ಡು ಖಾಲಿಯಾಗಿತ್ತು, ಒಣದ್ರಾಕ್ಷಿಯ ಸಿಹಿ ವಾಸನೆ ಮಾತ್ರ ಉಳಿದಿತ್ತು. ಇಪ್ಪತ್ತು ದಿನದ ಸರ್ಕಾರಿ ಪ್ರಶಿಕ್ಷಣ, ಒಂಬತ್ತು ಜನ. ಕಟ್ಟಿಗೆಯನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಅಂಟು ಹಚ್ಚಿ ಒಂದರ ಮೇಲೊಂದು ಇಟ್ಟು, ಬಾಗಿದ ಅಚ್ಚಿಗೆ ಬಿಗಿದು ಒಣಗಿಸುವ ವಿದ್ಯೆಯನ್ನು ಕಲಿಸಲು ನನ್ನನ್ನು ಹುಬ್ಬಳ್ಳಿಯಿಂದ ಕರೆಸಿದ್ದರು. ಕೊನೆಯ ದಿನ ಸಾಹೇಬರೊಬ್ಬರು ಬಂದು, ತಯಾರಾದ ವಸ್ತುವನ್ನು ಖುದ್ದು ಬಳಸಿ ನೋಡಿ ಸಹಿ ಮಾಡಬೇಕು. ಸಹಿಯಾದರೆ ಶೆಡ್ಡಿನ ಮೂಲೆಯಲ್ಲಿದ್ದ, ಕಟ್ಟಿಗೆ ಸೀಳುವ ಬ್ಯಾಂಡ್‌ಸಾ ಯಂತ್ರ ಊರಿನ ಬಡಿಗರ ಪಾಲಿಗೆ ಅಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬೇರೆ ತಾಲೂಕಿಗೆ ಹೋಗುತ್ತದೆ. ಒಂಬತ್ತರಲ್ಲಿ ಎಂಟು ಜನ ಬಂದದ್ದು ನನ್ನ ವಿದ್ಯೆಗಾಗಿ ಅಲ್ಲ, ಆ ಯಂತ್ರಕ್ಕಾಗಿ. ಬಿಡುವು ಸಿಕ್ಕಾಗಲೆಲ್ಲ ಹೋಗಿ ಅದರ ಮೈದಡವಿ ಬರುತ್ತಿದ್ದರು.

ಒಂದು ತಪ್ಪನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಪ್ರಶಿಕ್ಷಣದ ಪುಸ್ತಿಕೆಯಲ್ಲಿ ಕೇಳಿದ್ದು ಬಾಗಿದ ಬೆನ್ನಿನ ಒಂದು ಸಣ್ಣ ಸ್ಟೂಲು ಮಾತ್ರ. ಕಾಲಿಲ್ಲದ ಕುರ್ಚಿ ನನ್ನ ಸ್ವಂತ ಉಮೇದು. ಇಪ್ಪತ್ತು ವರ್ಷ ಗಾಡಿ, ಬಾಗಿಲು, ಮಂಚ ಮಾಡಿದವರ ಮುಂದೆ ಸ್ಟೂಲು ಇಟ್ಟು ಮಾಸ್ತರನೆನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಒಂಬತ್ತನೆಯವರು ಒಬ್ಬ ಟೇಲರ್ ಅಕ್ಕ. ಬಾಲಗಾಂವದ ಸೊಸೆ, ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಸೋನ್ಯಾಳದ ತವರಿಗೆ ಬಂದಿದ್ದರು. ಬಡಿಗತನ ಯಾಕೆ ಕಲಿಯುತ್ತೀರಿ ಎಂದು ಕೇಳಿದಾಗ, ವರ್ಷಗಟ್ಟಲೆ ಸೋಫಾದ ಕವರು ಹೊಲಿದಿದ್ದೇನೆ, ಒಂದಾದರೂ ಸೋಫಾದ ಎರಡು ಬದಿ ಅಳತೆ ಸರಿಯಾಗಿ ಬಂದದ್ದು ನೋಡಿಲ್ಲ, ಬಡಿಗರು ಎಲ್ಲಿ ತಪ್ಪುತ್ತಾರೆ ಎಂದು ನೋಡಿಕೊಂಡು ಹೋಗಲು ಬಂದೆ ಎಂದರು. ಎಂಟೂ ಜನ ಬಡಿಗರು ತಮ್ಮ ತಮ್ಮ ಅಳತೆಪಟ್ಟಿಗಳನ್ನು ನೋಡಿಕೊಂಡರು.

ಎರಡನೆಯ ದಿನ ನಾನು ಮುಜುಗರಕ್ಕೆ ಬಿದ್ದೆ. ಶೆಡ್ಡಿಗೆ ಬರುತ್ತಲೇ ಹಿರಿಯ ಬಡಿಗರು ಎಲ್ಲರೆದುರು, "ಮಾಸ್ತರ, ಇವತ್ತ ಸರಸಾ ಅದ ಏನ್ರಿ?" ಎಂದರು. ನಾನು ಟೇಲರ್ ಅಕ್ಕನ ಕಡೆ ನೋಡದೆ, ಗಂಟಲು ಸರಿಮಾಡಿಕೊಂಡು, ಹಾಗೆಲ್ಲ ಮಾತಾಡಬಾರದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಕ್ಕನೇ, ನಾನು ನಿನ್ನೆಯೇ ಸರಸ ನೋಡಿದ್ದೇನೆ, ಎರಡು ಡಬ್ಬಿ ಬಂದಿವೆ ಎಂದು ಮೂಲೆ ತೋರಿಸಿದರು. ಮರಾಠಿಯಲ್ಲಿ ಸರಸ ಎಂದರೆ ಬಡಿಗರ ಅಂಟು. ಎರಡೂ ಭಾಷೆ ಒಂದೇ ಬಾಯಲ್ಲಿ ಆಡುವ ಆ ಊರಿನಲ್ಲಿ ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಮುಂದಿನ ಹದಿನೆಂಟು ದಿನ ಸರಸ ಲಗೂನ ತೊಗೊಂಡು ಬರ್ರಿ, ಸರಸ ಭಾಳ ಆತು ಎಂಬ ಮಾತುಗಳ ನಡುವೆ ನಾನೊಬ್ಬನೇ ಮುಖ ಗಂಟಿಕ್ಕಿಕೊಂಡು ಓಡಾಡಿದೆ.

ಪಾಠದ ಮುಖ್ಯ ತೊಡಕು ಬೇರೆಯೇ ಇತ್ತು. ಯಂತ್ರದಲ್ಲಿ ಸಾಗವಾನಿ ಹಲಗೆಯೊಂದನ್ನು ಎರಡೂವರೆ ಮಿಲಿಮೀಟರಿನ ಪಟ್ಟಿಗಳಾಗಿ ಸೀಳಿ, ಹನ್ನೊಂದನ್ನು ಎಣಿಸಿ ಮೇಜಿನ ಮೇಲಿಟ್ಟೆ. ಇವನ್ನು ಅಂಟಿಸಿದರೆ ಮತ್ತೆ ಒಂದೇ ಹಲಗೆ, ಆದರೆ ಬಾಗಿದ್ದು ಎಂದೆ. ಹಿರಿಯರು ಪಟ್ಟಿಗಳನ್ನು ತಾವೂ ಒಮ್ಮೆ ಎಣಿಸಿ, ನಿಧಾನಕ್ಕೆ ತಮ್ಮ ತಿಳಿವಳಿಕೆಯನ್ನು ಹೇಳಿದರು.

"ಅಂದ್ರ, ಒಂದು ಚಲೋ ಹಲಗಿ ಸೀಳಿ ಹನ್ನೊಂದು ಮಾಡೂದು. ಆಮ್ಯಾಲ ಹನ್ನೊಂದು ಕೂಡಿಸಿ ಒಂದು ಮಾಡೂದು. ಇದಕ್ಕ ಇಪ್ಪತ್ತು ದಿವಸ."

ಉಳಿದವರು ನಗಲಿಲ್ಲ, ತಲೆಯಾಡಿಸಿದರು. ಅದು ಇನ್ನೂ ಕೆಟ್ಟದಾಗಿತ್ತು. ದಪ್ಪ ಹಲಗೆ ಬಾಗಿಸಿದರೆ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು, ಅದಾಗದೆ ಮುರಿಯುತ್ತದೆ. ತೆಳು ಪಟ್ಟಿಗಳಾದರೆ ಒಂದರ ಮೇಲೊಂದು ಜಾರಿ ತಮ್ಮ ತಮ್ಮ ಜಾಗ ಹಿಡಿಯುತ್ತವೆ, ಆಮೇಲೆ ಅಂಟು ಆ ಜಾಗದಲ್ಲೇ ಅವನ್ನು ನಿಲ್ಲಿಸುತ್ತದೆ ಎಂದು ನಾನು ಮೂರು ಬಗೆಯಲ್ಲಿ ಹೇಳಿದೆ. ಮೂರೂ ಸಲ ಹಿರಿಯರು ವಿನಯದಿಂದ ಹೂಂ ಎಂದರು. ಆ ಹೂಂ ಒಪ್ಪಿಗೆಯದಲ್ಲ.

ಟೇಲರ್ ಅಕ್ಕ ಎದ್ದು ಬಂದು ಹಿರಿಯರ ಅಂಗಿಯ ಕಾಲರು ಹಿಡಿದರು. "ಕಾಕಾ, ಈ ಕಾಲರಿನ್ಯಾಗ ಮೂರು ಪದರ ಅದಾವ. ಮೂರೂ ಸಮ ಕತ್ತರಿಸಿ ಹೊಲದ್ರ ಕಾಲರ್ ಕೊರಳಿಗಿ ಸುತ್ತಂಗಿಲ್ಲ, ಸೆಟದು ನಿಂದ್ರತದ. ಹೊರಗಿನ ಪದರಕ್ಕ ಒಂಚೂರು ಹೆಚ್ಚು ಬಿಡಬೇಕು. ನೀವು ಬಗ್ಗಿಸಿ ಹೊಲದ್ರ ಅದು ಬಗ್ಗೇ ಇರ್ತದ. ಮಾಸ್ತರ ಹೇಳೂದು ಅದ."

ಹಿರಿಯರು ಕಾಲರಿನ ಮೇಲೆ ಬೆರಳಾಡಿಸಿ, ತಮ್ಮ ವಹಿ ತೆಗೆದು ಏನೋ ಬರೆದರು. ಆಮೇಲೆ ಇಣುಕಿ ನೋಡಿದೆ: 'ಕಾಲರಿನಂತೆ' ಎಂದಿತ್ತು. ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ.

ಈ ಕೆಲಸಕ್ಕೆ ಅಂಟಿಗಿಂತ ಮುಖ್ಯವಾದದ್ದು ಕ್ಲ್ಯಾಂಪು. ಅಂಟು ಒಣಗುವವರೆಗೆ ಹನ್ನೊಂದು ಪಟ್ಟಿಗಳನ್ನು ಅಚ್ಚಿಗೆ ಅಪ್ಪಿಸಿ ಹಿಡಿಯುವ ಕಬ್ಬಿಣದ ತಿರುಪು ಹಿಡಿಕೆಗಳು, ಒಂದು ಬಿಲ್ಲಿಗೆ ಕನಿಷ್ಠ ಮೂವತ್ತಾದರೂ ಬೇಕು. ನಾನು ತಿಂಗಳ ಮೊದಲೇ ಬರೆದು ಕಳಿಸಿದ್ದೆ. ಪ್ರಶಿಕ್ಷಣ ಕೇಂದ್ರದ ವ್ಯವಸ್ಥಾಪಕ, ಸದಾ ಮೊಬೈಲು ಎತ್ತಿ ಫೋಟೊ ತೆಗೆಯುತ್ತಿದ್ದ ಉತ್ಸಾಹಿ, ಐದನೆಯ ದಿನ ಎರಡು ರಟ್ಟಿನ ಪೆಟ್ಟಿಗೆ ತಂದಿಳಿಸಿ, ಅವುಗಳ ಪಕ್ಕ ಒಂಬತ್ತೂ ಜನರನ್ನು ನಿಲ್ಲಿಸಿ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ. ಆಮೇಲೆ ಪೆಟ್ಟಿಗೆ ಒಡೆದೆವು. ಒಳಗೆ ಹನಿ ನೀರಾವರಿಯ ಪೈಪು ಹಿಡಿಯುವ ಪ್ಲಾಸ್ಟಿಕ್ ಕ್ಲ್ಯಾಂಪುಗಳಿದ್ದವು. ಇನ್ನೂರು.

ಇವಲ್ಲ ಎಂದೆ. ಅವನು ಅಂಗಡಿಯ ರಸೀದಿ ತೆಗೆದು ಓದಿದ, ಅದರಲ್ಲಿ ಕ್ಲ್ಯಾಂಪ್ ಎಂದೇ ಇತ್ತು. ವಾಪಸು ಕಳಿಸೋಣ ಎಂದೆ. ಫೋಟೊ ಹೋಗಿಬಿಟ್ಟಿದೆ, ಸಾಮಾನು ಮುಟ್ಟಿದೆ ಎಂದು ಮೇಲಿನಿಂದ ಉತ್ತರವೂ ಬಂದಿದೆ, ಈಗ ಮುಟ್ಟಿಲ್ಲ ಎಂದರೆ ಹಳೆಯ ಫೋಟೊ ಸುಳ್ಳಾಗುತ್ತದೆ ಎಂದ. ಅವನ ಮುಖದಲ್ಲಿ ನಿಜವಾದ ದುಃಖವಿತ್ತು. ಬಡಿಗರಲ್ಲಿ ಇಬ್ಬರಿಗೆ ದಾಳಿಂಬೆ ತೋಟವಿತ್ತು, ಅವರು ಮಾತ್ರ ಕ್ಲ್ಯಾಂಪುಗಳನ್ನು ತಿರುಗಿಸಿ ನೋಡಿ ಮಾಲು ಚಲೋ ಅದ ಎಂದರು.

ತಾಲೂಕಿನ ಊರಾದ ಜತ್ತಿಗೆ ಹೋಗಿ, ವೆಲ್ಡಿಂಗ್ ಅಂಗಡಿಗಳನ್ನು ಕಾಡಿ ಬೇಡಿ ಒಂಬತ್ತು ಕ್ಲ್ಯಾಂಪು ಎರವಲು ತಂದೆ. ಮೂವತ್ತು ಬೇಕಾದಲ್ಲಿ ಒಂಬತ್ತು. ನಡೆದುಹೋಗುತ್ತದೆ ಎಂದುಕೊಂಡೆ. ಎಂಟನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಮೊದಲ ಬಿಲ್ಲಿಗೆ ಅಂಟು ಹಚ್ಚಲು ಶುರುಮಾಡಿದೆ.

ಬೇದಾಣೆ ಶೆಡ್ಡು ಎಂದರೇನು ಎಂದು ನಾನು ಆ ತನಕ ಯೋಚಿಸಿರಲಿಲ್ಲ. ನಾಲ್ಕೂ ಕಡೆ ಗೋಡೆ ಬಿಟ್ಟು, ಗಾಳಿ ಆಡುವ ದಿಕ್ಕು ನೋಡಿ, ಒದ್ದೆ ದ್ರಾಕ್ಷಿ ಆದಷ್ಟು ಬೇಗ ಒಣಗಲಿ ಎಂದೇ ಕಟ್ಟಿದ ಜಾಗ ಅದು. ನನ್ನ ಅಂಟಿನ ಡಬ್ಬಿಯ ಮೇಲೆ, ಹಚ್ಚಿದ ಹತ್ತು ಹದಿನೈದು ನಿಮಿಷದೊಳಗೆ ಬಿಗಿಯಬೇಕು ಎಂದು ಬರೆದಿತ್ತು. ಮೇ ತಿಂಗಳ ಆ ಬಿಸಿಗಾಳಿಗೆ ಆರನೆಯ ಪಟ್ಟಿಗೆ ಹಚ್ಚುವಾಗ ಮೊದಲನೆಯದು ಕೆನೆಗಟ್ಟಿತ್ತು. ಗಡಿಬಿಡಿಯಲ್ಲಿ ಹನ್ನೊಂದನ್ನೂ ಒಟ್ಟಿಗೆ ಹಿಡಿದು ಅಚ್ಚಿನ ಮೇಲೆ ಒತ್ತಿದೆವು. ಅರ್ಧ ಜಾರಿದವು, ಅರ್ಧ ಜಾರಲಿಲ್ಲ. ಬಾಗು ಬರುವ ಜಾಗದಲ್ಲಿ ಒಂದು ಪಟ್ಟಿಗೆ ಗಂಟು ಇದ್ದದ್ದನ್ನು ನಾನು ಗಮನಿಸಿರಲಿಲ್ಲ. ಒಣ ಕಡ್ಡಿ ಮುರಿದಂತೆ ಶಬ್ದವಾಯಿತು. ಒಂಬತ್ತು ಕ್ಲ್ಯಾಂಪುಗಳ ನಡುವೆ ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಪಟ್ಟಿಗಳು ಬಾಯಿ ತೆರೆದು ಅಂಟು ಉಗುಳಿದವು. ಇದರ ನಡುವೆ ವ್ಯವಸ್ಥಾಪಕ, ಎಲ್ಲರೂ ಒಂದು ಕ್ಷಣ ಈ ಕಡೆ ನೋಡಿ ಎಂದ. ನಾವು ನೋಡಿದೆವು.

ಮರುದಿನ ಬಿಚ್ಚುವಾಗ ಇನ್ನೊಂದು ಸಂಗತಿ ತಿಳಿಯಿತು. ಅಚ್ಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು, ಇಲ್ಲದಿದ್ದರೆ ಬಿಲ್ಲು ಅಚ್ಚಿಗೇ ಅಂಟಿಕೊಳ್ಳುತ್ತದೆ. ಇದನ್ನು ನಾನು ಮೂರನೆಯ ದಿನವೇ ಎಲ್ಲರಿಗೂ ಹೇಳಿ ಬರೆಸಿದ್ದೆ. ಹೊದಿಸುವುದನ್ನು ಮಾತ್ರ ಮರೆತಿದ್ದೆ. ಉಳಿ ಹಾಕಿ ಮೀಟಿದೆವು, ಬಡಿದೆವು, ಇಬ್ಬರು ಅಚ್ಚು ಹಿಡಿದು ಇಬ್ಬರು ಬಿಲ್ಲು ಹಿಡಿದು ಜಗ್ಗಿದೆವು. ಹಿಡಿಯಬೇಕಾದ ಕಡೆ ಬಿಟ್ಟಿದ್ದ ಅಂಟು ಇಲ್ಲಿ ಕಲ್ಲಿನಂತೆ ಕಚ್ಚಿತ್ತು. ಕೊನೆಗೆ ಬಿಲ್ಲನ್ನು ಚೂರು ಚೂರಾಗಿ ಕೆತ್ತಿ ತೆಗೆದು ಅಚ್ಚೊಂದನ್ನು ಉಳಿಸಿಕೊಂಡೆವು. ಹಿರಿಯರು ಜಗ್ಗಾಟವನ್ನೆಲ್ಲ ನೋಡಿ, ಸರಸದ ಮೇಲೆ ತಮಗಿದ್ದ ಸಂಶಯ ಇವತ್ತು ಪೂರ್ತಿ ಹೋಯಿತು ಎಂದರು. ಅದನ್ನು ಅವರು ನಿಜವಾಗಿಯೂ ಮೆಚ್ಚಿಗೆಯಿಂದಲೇ ಹೇಳಿದ್ದು.

ಹತ್ತನೆಯ ದಿನ ಏಳು ಜನ ಬಂದರು. ಇಬ್ಬರಿಗೆ ಯಾರದೋ ಮದುವೆ ನೆನಪಾಗಿತ್ತು. ನಾನು ರಾತ್ರಿಯೆಲ್ಲ ಯೋಚಿಸಿ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಕುರ್ಚಿ ಬೇಡ, ಪುಸ್ತಿಕೆಯಲ್ಲಿದ್ದ ಹಾಗೆ ಸ್ಟೂಲು ಮಾಡೋಣ, ಬೆನ್ನಿನ ಪಟ್ಟಿ ಸಣ್ಣದು, ಒಂಬತ್ತು ಕ್ಲ್ಯಾಂಪು ಸಾಕಾಗುತ್ತವೆ, ಸಾಹೇಬರ ಸಹಿಯೂ ಆಗುತ್ತದೆ, ಯಂತ್ರವೂ ಉಳಿಯುತ್ತದೆ ಎಂದೆ. ಎಲ್ಲರ ಮುಖ ಹಗುರಾಯಿತು. ಹಿರಿಯರದೊಂದು ಆಗಲಿಲ್ಲ.

"ಸ್ಟೂಲ್ ಆಗಂಗಿಲ್ರಿ ಮಾಸ್ತರ," ಎಂದರು.

ಯಾಕೆ ಎಂದೆ. ಈ ಕುರ್ಚಿಯ ಮೇಲೆ ಮೊದಲ ದಿನದಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದವರು ಅವರೇ ಅಲ್ಲವೆ.

"ನಾ ಊರಾಗ ಹೇಳಿಬಿಟ್ಟೀನ್ರಿ. ಹಿಂದಿನ ಕಾಲ ಇಲ್ಲದ ಕುರ್ಚಿ ಮಾಡಲಿಕತ್ತೀವಿ ಅಂತ. ಕಟ್ಟೀ ಮ್ಯಾಲ ಕುಂತವರು ದಿನಾ ಕೇಳತಾರ, ಇವತ್ತ ಎಷ್ಟು ಕಾಲ ಆದವು ಅಂತ. ಯಳವಿಯಿಂದ ಬಾಲಗಾಂವ ತನಕಾ ನನ್ನ ಗಾಡಿ ತಿರಗ್ಯಾವ, ಯಾವ ಮಗನೂ ನಕ್ಕಿಲ್ಲ. ಈಗ ನಾ ಸ್ಟೂಲ್ ಹೊತಗೊಂಡು ಆ ಕಟ್ಟೀ ಮುಂದ ಹ್ಯಾಂಗ ಹೋಗ್ಲಿ?"

ನಂಬಿಕೆ ಇಲ್ಲದೆಯೇ ಊರೆಲ್ಲ ಹೇಳಿಕೊಂಡು ಬಂದಿದ್ದೀರಾ ಎಂದು ಕೇಳಿದೆ. ನಂಬಿಕೆ ಬೇರೆ, ಹೇಳುವುದು ಬೇರೆ ಎಂದರು. ಕ್ಲ್ಯಾಂಪಿಲ್ಲದೆ ಹೇಗೆ ಮಾಡುವುದು ಎಂದೆ. ಅವರು ಅಚ್ಚಿನ ಹತ್ತಿರ ಹೋಗಿ ಕೂತು, ನೆಲದ ಮೇಲೆ ಪೆನ್ಸಿಲ್ಲಿನಿಂದ ಗೀಚತೊಡಗಿದರು. ದಪ್ಪ ಹಲಗೆಯ ಮೇಲೆ ಅಚ್ಚನ್ನು ಬೋಲ್ಟು ಹಾಕಿ ಕೂಡಿಸುವುದು. ಅದರ ಸುತ್ತ ನಾಲ್ಕು ಬೆರಳು ದೂರಕ್ಕೆ, ಗೇಣಿಗೊಂದರಂತೆ ಕಟ್ಟಿಗೆಯ ಗಟ್ಟಿ ತುಂಡುಗಳನ್ನು ನಿಲ್ಲಿಸುವುದು. ಪಟ್ಟಿಗಳ ಕಂತೆಯನ್ನು ಅಚ್ಚಿಗೂ ಈ ತುಂಡುಗಳಿಗೂ ನಡುವೆ ಇಟ್ಟು, ಉಳಿದ ಸಂದಿನಲ್ಲಿ ಎದುರುಬದುರು ಎರಡೆರಡು ಬೆಣೆ ಹೊಡೆಯುವುದು. ಗಾಡಿಯ ಗಾಲಿಯನ್ನು ಆಯುಷ್ಯಪೂರ್ತಿ ಬೆಣೆಯ ಮೇಲೆ ಬಿಗಿದವರಿಗೆ ಇದು ಹೊಸದಲ್ಲ. ನಾನು ನೋಡುತ್ತ ನಿಂತೆ. ತಿರುಪು ಹಿಡಿಕೆಗಿಂತ ಇದು ಹೆಚ್ಚು ಬಿಗಿಯುತ್ತದೆ, ಮತ್ತು ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಸ್ಟೂಲಿನ ಮಾತು ಅಲ್ಲಿಗೇ ಬಿಟ್ಟೆ.

ಕಟ್ಟಿಗೆಯ ಪ್ರಶ್ನೆ ಉಳಿದಿತ್ತು. ನಮಗೆ ಕೊಟ್ಟ ಸಾಗವಾನಿಯಲ್ಲಿ ಗಂಟು ಕಳೆದರೆ ಉಳಿದದ್ದು ತುಂಡುಗಳು. ಹಿರಿಯರು ಮಧ್ಯಾಹ್ನ ಮನೆಗೆ ಹೋದವರು ಟೆಂಪೊದಲ್ಲಿ ಒಂದು ಜಾಲಿಯ ಹಲಗೆ ಹಾಕಿಕೊಂಡು ಬಂದರು. ಏಳೂವರೆ ಫೂಟು ಉದ್ದ, ಮೂರು ಇಂಚು ದಪ್ಪ, ಒಂದು ಗಂಟೂ ಇಲ್ಲ. ಜಾಲಿಯಲ್ಲಿ ಅಂಥ ನೆಟ್ಟನೆಯ ಹಲಗೆ ಸಿಗುವುದು ಎಷ್ಟು ಅಪರೂಪವೆಂದು ಅಲ್ಲಿದ್ದ ಪ್ರತಿಯೊಬ್ಬ ಬಡಿಗನಿಗೂ ಗೊತ್ತಿತ್ತು. ಮುಂದಿನ ಗಾಡಿಗೆ ಇರಲಿ ಎಂದು ಹದಿನೈದು ವರ್ಷದ ಹಿಂದೆ ಅಟ್ಟದ ಮೇಲೆ ಇಟ್ಟದ್ದಂತೆ. ಗಾಡಿ ಮಾಡಿಸುವವರು ಆಮೇಲೆ ಯಾರೂ ಬರಲಿಲ್ಲವಂತೆ. ಅಷ್ಟೇ ಹೇಳಿದರು.

ಅದನ್ನು ಸೀಳುವಾಗ ನನ್ನ ಕೈ ಹಿಂಜರಿಯಿತು. ಅವರೇ ಯಂತ್ರದ ಮುಂದೆ ನಿಂತರು. ಪ್ರತಿ ಪಟ್ಟಿ ಬೀಳುವಾಗಲೂ ಜೋರಾಗಿ ಎಣಿಸಿದರು, ಮರಾಠಿಯಲ್ಲಿ. ಹನ್ನೊಂದಕ್ಕೆ ನಿಲ್ಲಿಸಿ, ಒಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರು. ಅದು ಸಲೀಸಾಗಿ ದುಂಡಾಯಿತು. ಬಿಟ್ಟರು, ನೆಟ್ಟಗಾಯಿತು. ಮತ್ತೆ ಬಾಗಿಸಿದರು. ಚಹಾ ಬಂದು ಆರಿಹೋಗುವ ತನಕ ಇದನ್ನೇ ಮಾಡುತ್ತಿದ್ದರು.

ಅಂಟಿನ ಉಸ್ತುವಾರಿಯನ್ನು ಟೇಲರ್ ಅಕ್ಕ ತಾವೇ ವಹಿಸಿಕೊಂಡರು, ನನ್ನನ್ನು ಕೇಳಲಿಲ್ಲ. ಕೆಲಸ ಬೆಳಿಗ್ಗೆ ಐದೂವರೆಗೆ, ಗಾಳಿ ಬಿಸಿಯಾಗುವ ಮೊದಲು. ಶೆಡ್ಡಿನ ಗಾಳಿಯ ಕಡೆಗೆ ಒದ್ದೆ ಗೋಣಿತಟ್ಟು ಕಟ್ಟಬೇಕು. ಪಟ್ಟಿಗಳ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಒಂದು ಓರೆಗೆರೆ ಎಳೆದರು. ಯಾವ ಪಟ್ಟಿಯ ಸರದಿ ತಪ್ಪಿದರೂ ಗೆರೆ ತುಂಡಾಗಿ ಕಾಣುತ್ತದೆ. ಆಮೇಲೆ ಅಂಟಿಲ್ಲದೆಯೇ ಮೂರು ಸಲ ತಾಲೀಮು ಮಾಡಿಸಿದರು. ಮೊದಲ ಸಲ ಹದಿಮೂರು ನಿಮಿಷ ಹಿಡಿಯಿತು. ಯಾರು ಎಲ್ಲಿ ನಿಂತು ಯಾರ ಕೈಗೆ ಅಡ್ಡ ಬರುತ್ತಾರೆ ಎಂದು ನೋಡಿ ಜಾಗ ಬದಲಿಸಿದರು. ಮೂರನೆಯ ಸಲ ಆರು ನಿಮಿಷ. ನನ್ನನ್ನು ನೀರಿನ ಕೊಡದ ಹತ್ತಿರ ನಿಲ್ಲಿಸಿದ್ದರು, ಅಲ್ಲಿ ನಾನು ಯಾರಿಗೂ ಅಡ್ಡ ಬರುತ್ತಿರಲಿಲ್ಲ.

ಹದಿಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಶುರುವಾಯಿತು. ಅಚ್ಚಿಗೆ ದ್ರಾಕ್ಷಿ ತೋಟದ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ನಾನೇ ನಾಲ್ಕು ಸಲ ಮುಟ್ಟಿ ನೋಡಿದ್ದೆ. ಅಕ್ಕ ಹಳೆಯ ರಬ್ಬರು ಚಪ್ಪಲಿಯ ತುಂಡಿನಿಂದ ಅಂಟನ್ನು ಒಂದೇ ಎಳೆತಕ್ಕೆ ಉದ್ದಕ್ಕೂ ಹರಡುತ್ತಿದ್ದರು, ಪಟ್ಟಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕಂತೆ ಅಚ್ಚಿನ ಮೇಲೆ ಬಿದ್ದಿತು. ಹಿರಿಯರು ನಡುವಿನಿಂದ ಶುರುಮಾಡಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೆಣೆ ಹೊಡೆಯುತ್ತ ಹೋದರು. ಪ್ರತಿ ಬೆಣೆಗೂ ಎರಡು ಪೆಟ್ಟು, ಆಮೇಲೆ ಶಬ್ದ ಕೇಳಲು ಕಿವಿ ಕೆಳಗೆ ತರುತ್ತಿದ್ದರು. ತುದಿಗಳು ಅಗಲದಂತೆ ಟ್ರ್ಯಾಕ್ಟರ್ ಟ್ಯೂಬು ಸೀಳಿದ ರಬ್ಬರು ಪಟ್ಟಿಯನ್ನು ಇಬ್ಬರು ಎಳೆದೆಳೆದು ಸುತ್ತಿದರು.

ನಡುವೆ ವ್ಯವಸ್ಥಾಪಕ ಬಂದು, ಒಂದು ಕ್ಷಣ ಎಲ್ಲರೂ ಎಂದು ಶುರುಮಾಡಿದ. ಅಕ್ಕ ತಿರುಗಿ ನೋಡದೆ ಅವನ ಕೈಗೆ ಒಂದು ಬೆಣೆ ಕೊಟ್ಟು, ಇಲ್ಲಿ ಹಿಡಿ, ಬಿಡಬೇಡ ಎಂದರು. ಅವನು ಒಂದು ಕೈಯಲ್ಲಿ ಬೆಣೆ, ಒಂದು ಕೈಯಲ್ಲಿ ಮೊಬೈಲು ಹಿಡಿದು ಕೊನೆಯ ಪೆಟ್ಟಿನವರೆಗೆ ಅಲ್ಲಾಡದೆ ನಿಂತ. ಆ ಬೆಳಗಿನ ಒಂದೂ ಫೋಟೊ ಇಲ್ಲ.

ಒಂದು ಹಗಲು ಒಂದು ರಾತ್ರಿ ಬಿಟ್ಟು ಬೆಣೆ ತೆಗೆದೆವು. ಬಿಲ್ಲು ಅಚ್ಚಿನಿಂದ ತಾನೇ ಎದ್ದು ಬಂತು, ಮತ್ತು ನಮ್ಮ ಕಣ್ಣೆದುರೇ ಅದರ ಬಾಯಿ ಎರಡು ಬೆರಳಿನಷ್ಟು ಅಗಲವಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ಇದು ಆಗುವುದೇ, ಬಾಗಿದ ಕಟ್ಟಿಗೆ ಸ್ವಲ್ಪ ಹಿಂದಕ್ಕೆ ಸಿಡಿಯುತ್ತದೆ, ಅದಕ್ಕೇ ಅಚ್ಚನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಮಾಡಿದ್ದೇನೆ ಎಂದೆ. ನೆಲದ ಮೇಲೆ ಬರೆದ ಪೂರ್ಣಾಕಾರದ ನಕ್ಷೆಯ ಮೇಲೆ ಇಟ್ಟೆವು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತು. ಎರಡು ಬೆರಳು ಎಂದು ಮೊದಲೇ ಗೊತ್ತಿತ್ತೇ ಎಂದು ಹಿರಿಯರು ಕೇಳಿದರು. ಗೊತ್ತಿತ್ತು ಎಂದೆ. ಸಾಗವಾನಿಯ ಲೆಕ್ಕದಲ್ಲಿ ಮಾಡಿದ ಅಚ್ಚು ಜಾಲಿಗೆ ಹೇಗೆ ಹೊಂದಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ವಹಿಯಲ್ಲಿ ಅವರು 'ಎರಡು ಬೆರಳು, ಮಾಸ್ತರರ ಅನುಭವ' ಎಂದು ಬರೆದುಕೊಂಡರು. ನಾನು ತಿದ್ದಲಿಲ್ಲ.

ಎರಡನೆಯ ಬಿಲ್ಲಿನ ದಿನ ಮದುವೆಗೆ ಹೋದ ಇಬ್ಬರೂ ತಿರುಗಿ ಬಂದರು. ಹತ್ತೊಂಬತ್ತನೆಯ ದಿನ ಕುರ್ಚಿ ನಿಂತಿತು. ಅಕ್ಕ ಸೀಟಿಗೂ ಬೆನ್ನಿಗೂ ಮಂಚಕ್ಕೆ ಹೆಣೆಯುವಂಥ ದಪ್ಪ ನವಾರು ಪಟ್ಟಿ ನೇಯ್ದರು, ಎರಡೂ ಬದಿಯ ಅಳತೆ ಸರಿಯಾಗಿದೆ ಎಂದು ಒಪ್ಪಿಕೊಂಡರು. ಕೂತು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಗೊಬ್ಬರದ ಎರಡು ಚೀಲ ತಂದು ಸೀಟಿನ ಮೇಲಿಟ್ಟೆವು. ಸೀಟು ಕೆಳಗಿಳಿದು ನಿಂತಿತು. ತೆಗೆದರೆ ಮೇಲೆ ಬಂತು. ಚೀಲಕ್ಕೂ ಮನುಷ್ಯನಿಗೂ ಫರಕು ಇದೆ ಎಂದು ಒಬ್ಬರು ಹೇಳಿದರು. ಯಾರೂ ವಾದ ಮಾಡಲಿಲ್ಲ, ಯಾರೂ ಕೂಡಲೂ ಇಲ್ಲ. ಮೊದಲು ಸಾಹೇಬರೇ ಕೂಡಲಿ, ಅದು ಮರ್ಯಾದೆ ಎಂದು ಹಿರಿಯರು ತೀರ್ಪು ಕೊಟ್ಟರು. ಎಲ್ಲರೂ ಬೇಗ ಒಪ್ಪಿದರು. ನಾನು ಎಲ್ಲರಿಗಿಂತ ಬೇಗ.

ಸಾಹೇಬರು ಬೆಳಿಗ್ಗೆ ಬರುವವರು, ಮೂರು ಊರು ಮುಗಿಸಿ ಮಧ್ಯಾಹ್ನ ಎರಡೂವರೆಗೆ ಬಂದರು. ಭಾರಿ ಆಳು. ಜೀಪಿನಿಂದ ಇಳಿಯುವಾಗ ಜೀಪು ಒಂದು ಬದಿ ಏಳುವುದನ್ನು ನಾವೆಲ್ಲ ನೋಡಿದೆವು. ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಕಾಲು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ವ್ಯವಸ್ಥಾಪಕ ಗಾಬರಿಯಲ್ಲಿ, ಆರ್ಡರು ಹೋಗಿದೆ, ಈ ವಾರ ಬರುತ್ತವೆ ಎಂದುಬಿಟ್ಟ. ನಾನು ನನ್ನ ಹರಕು ಮರಾಠಿಯಲ್ಲಿ ತಿದ್ದಲು ಹೋಗಿ ಇನ್ನಷ್ಟು ಕೆಡಿಸಿದೆ. ಕೊನೆಗೆ ಟೇಲರ್ ಅಕ್ಕ, ಕಾಲು ಇಲ್ಲ, ಬೇಕಾಗಿಯೂ ಇಲ್ಲ, ಕೂತು ನೋಡಿ ಎಂದು ಶುದ್ಧ ಮರಾಠಿಯಲ್ಲಿ ಹೇಳಿದರು.

ಸಾಹೇಬರು ಎರಡೂ ಕೈ ಬಿಲ್ಲಿನ ಮೇಲೆ ಊರಿ, ನಿಧಾನಕ್ಕೆ ಇಳಿದರು. ಕುರ್ಚಿ ಇಳಿಯಿತು. ಒಂದು ಬೆರಳು, ಎರಡು, ಮೂರು. ಹಿರಿಯರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಿಲ್ಲಿನ ದುಂಡು ತಿರುವಿಗೆ ಕಣ್ಣು ಕೀಲಿಸಿದ್ದರು. ನಾಲ್ಕಕ್ಕೆ ನಿಂತಿತು. ಸಾಹೇಬರು ಉಸಿರು ಬಿಟ್ಟರು, ಆಮೇಲೆ ನಾವು ಬಿಟ್ಟೆವು. ಅವರು ಒಮ್ಮೆ ಹಿಂದಕ್ಕೆ ಒತ್ತಿ ನೋಡಿದರು. ಕುರ್ಚಿ ತೂಗಿತು. ಕಾಗದ ತೆಗೆದು ಪ್ರಶ್ನೆ ಕೇಳಲು ಶುರುಮಾಡಿದರು. ಎಷ್ಟು ಜನ ಕಲಿತರು, ಕಟ್ಟಿಗೆ ಯಾವುದು ಎಂದು ಬರೆದುಕೊಂಡರು. ಮೂರನೆಯ ಪ್ರಶ್ನೆ, ವಸ್ತುವಿನ ಬಾಳಿಕೆ ಎಷ್ಟು ಎಂಬುದು. ನಾನು ಉತ್ತರದ ಅರ್ಧದಲ್ಲಿದ್ದಾಗ ಅವರ ಪೆನ್ನು ಕಾಗದದ ಮೇಲೆ ಜಾರಿತು. ಕಣ್ಣು ಮುಚ್ಚಿದ್ದವು. ಸಣ್ಣಗೆ ಗೊರಕೆ ಬಂತು.

ಯಾರೂ ಅಲುಗಾಡಲಿಲ್ಲ. ವ್ಯವಸ್ಥಾಪಕ ಮೊಬೈಲು ಎತ್ತಿದ. ಅಕ್ಕ ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಚಾಲಕ ಬಂದು ಇಣುಕಿ, ಮೂರು ದಿನದಿಂದ ಊರೂರು ತಿರುಗಿದ್ದಾರೆ ಎಂದು ಪಿಸುಗುಟ್ಟಿ, ತಾನೂ ಜೀಪಿನಲ್ಲಿ ಒರಗಲು ಹೋದ. ಪ್ರತಿ ಉಸಿರಿಗೂ ಕುರ್ಚಿ ಒಂದು ನೂಲು ಇಳಿದು ಏರುತ್ತಿತ್ತು. ಹಿರಿಯರು ಕುಕ್ಕರಗಾಲು ಬಿಡಲಿಲ್ಲ. ಮುಕ್ಕಾಲು ಗಂಟೆ ಅವರು ಆ ತಿರುವನ್ನು ನೋಡಿದರು. ಒಂದು ಸಲ ಮಾತ್ರ ಉಗುರಿನಿಂದ ಪಟ್ಟಿಗಳ ಅಂಚನ್ನು ಮೆಲ್ಲಗೆ ಕೆರೆದು, ಎಲ್ಲೂ ಬಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡರು.

ಸಾಹೇಬರು ಎಚ್ಚೆತ್ತು, ನಿದ್ದೆಯೇ ಮಾಡಿಲ್ಲ ಎಂಬಂತೆ ಕಾಗದ ಸರಿಮಾಡಿಕೊಂಡು, ಎಲ್ಲಿಗೆ ಬಂದಿದ್ದೆವು ಎಂದರು. ಬಾಳಿಕೆಗೆ ಎಂದು ಹಿರಿಯರು ಹೇಳಿದರು. ಸಾಹೇಬರು ಒಂದು ಕ್ಷಣ ಯೋಚಿಸಿ, 'ಸಮಾಧಾನಕರ' ಎಂದು ಬರೆದು, ಉಳಿದ ಒಂಬತ್ತು ಪ್ರಶ್ನೆಗಳನ್ನು ಒಂದೇ ಗೆರೆಯಲ್ಲಿ ಹೊಡೆದು ಸಹಿ ಹಾಕಿದರು. ಇಂಥದೊಂದು ತಮ್ಮ ಮನೆಗೂ ಸಿಗುತ್ತದೆಯೇ ಎಂದು ಹೋಗುವಾಗ ಅಕ್ಕನನ್ನು ಕೇಳಿದರು. ಅಕ್ಕ ಅವರ ಅಳತೆ ತೆಗೆದುಕೊಂಡು ಕಳಿಸಿದರು.

ಜೀಪಿನ ಧೂಳು ಇಳಿಯುವ ಮೊದಲೇ ಬಡಿಗರು ಸರದಿಗೆ ನಿಂತರು. ಒಬ್ಬೊಬ್ಬರೂ ಕೂತರು, ತೂಗಿದರು, ನಕ್ಕರು, ಎಬ್ಬಿಸಿದರೂ ಏಳಲಿಲ್ಲ. ಅಕ್ಕ ಕೂತು ನವಾರು ಒಂದು ಎಳೆ ಸಡಿಲಾಗಿದೆ ಎಂದರು. ಹಿರಿಯರು ಕೂತವರು ಮೊದಲು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತಿನ ಮೇಲೆ ಎದ್ದು, ನನ್ನ ಕಡೆ ತಿರುಗಿದರು.

"ಮಾಸ್ತರ, ನೀವು ಇನ್ನಾ ಕುಂತಿಲ್ರಿ."

ಸಾಮಾನು ಕಟ್ಟುವುದಿದೆ, ಆಮೇಲೆ ಕೂಡುತ್ತೇನೆ ಎಂದೆ.

"ಕುಂದ್ರಿ."

ಕೂತೆ. ಕುರ್ಚಿ ನನ್ನ ಕೆಳಗೆ ಇಳಿಯತೊಡಗಿತು. ಈ ಕುರ್ಚಿಯ ಚಿತ್ರವನ್ನು ನಾನು ಎಷ್ಟು ಕಡೆ ಬರೆದಿದ್ದೆನೋ, ಎಷ್ಟು ಜನರಿಗೆ ವಿವರಿಸಿದ್ದೆನೋ ಲೆಕ್ಕವಿಲ್ಲ. ಆದರೂ ನನ್ನ ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ಶೆಡ್ಡಿನ ಕಂಬ ಹಿಡಿದುಕೊಂಡಿತ್ತು. ಒಂಬತ್ತು ಜನರೂ ಅದನ್ನು ನೋಡಿದರು. ಹಿರಿಯರು ಹತ್ತಿರ ಬಂದು, ಒಂದೊಂದೇ ಬೆರಳು ಬಿಡಿಸಿ, ನನ್ನ ಕೈಯನ್ನು ತಂದು ಜಾಲಿಯ ಬಿಲ್ಲಿನ ಮೇಲೆ ಇಟ್ಟರು.

"ಹಿಡದದ, ಮಾಸ್ತರ," ಎಂದರು. "ಒರಗ್ರಿ."

ಒರಗಿದೆ.